ಸಿಸೇರಿಯನ್ ಆದ ಮೇಲೆ ಎರಡನೆಯ ಬಸಿರು: ಹಳೇ ಫೈಲಿನಿಂದ ಹೆರಿಗೆ ಕೋಣೆಯವರೆಗೆ

ಎರಡನೆಯ ಸಲ ಬಸುರಿಯಾದಾಗ ಎಲ್ಲರೂ ಹೇಳುವುದು ಒಂದೇ ಮಾತು: "ನಿಂಗೆಲ್ಲಾ ಗೊತ್ತಿರೋದೇ ಅಲ್ವಾ?" ವಾಂತಿ, ಸುಸ್ತು, ಸ್ಕ್ಯಾನಿಂಗ್ ಎಲ್ಲ ಗೊತ್ತಿರುವುದೇ, ಹೌದು. ಆದರೆ ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ ಈ ಸಲದ ಲೆಕ್ಕವೇ ಬೇರೆ. ಡಾಕ್ಟರು ಕೇಳುವ ಪ್ರಶ್ನೆ ಬೇರೆ, ಸ್ಕ್ಯಾನಿನಲ್ಲಿ ಮೊದಲು ಹುಡುಕುವ ಜಾಗ ಬೇರೆ, ಹೆರಿಗೆ ಎಲ್ಲಿ, ಹೇಗೆ ಎಂದು ತೀರ್ಮಾನಿಸಲು ಬೇಕಾದ ಕಾಗದವೂ ಬೇರೆ. ನನ್ನ ಎರಡನೆಯ ಹೆರಿಗೆ ಈಗಷ್ಟೇ ಮುಗಿದಿದೆ. ಇದೇ ದಾರಿ ಹಿಡಿದಿರುವವರಿಗೆ ಗೊಂದಲ ಕಡಿಮೆಯಾಗಲಿ ಎಂದು ವಾರಗಳ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಇನ್ನೊಂದು ಮಗುವಿನ ಯೋಚನೆ ಬಂದಾಗಲೇ ಹಳೇ ಫೈಲು ಹೊರಗೆ ತೆಗೆಯಿರಿ. ಹೆಚ್ಚಿನವರ ಹತ್ತಿರ ಇರುವುದು ಡಿಸ್ಚಾರ್ಜ್ ಸಮ್ಮರಿ ಮಾತ್ರ. ಸಿಸೇರಿಯನ್ ಆಗಿದೆ, ಮಗುವಿನ ತೂಕ ಇಷ್ಟು, ಇಂತಿಂಥ ಮಾತ್ರೆ ಕೊಟ್ಟಿದ್ದೇವೆ ಎಂದಷ್ಟೇ ಅದರಲ್ಲಿರುತ್ತದೆ. ಈ ಸಲದ ಡಾಕ್ಟರಿಗೆ ಬೇಕಾಗುವುದು ಆಪರೇಷನ್ ನೋಟ್ಸ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿದವರು ಅದು ಮುಗಿದ ಕೂಡಲೇ ಬರೆದಿಟ್ಟ ಟಿಪ್ಪಣಿ. ಅದರಲ್ಲಿ ನಾಲ್ಕು ವಿಷಯ ನೋಡಬೇಕು. ಗರ್ಭಕೋಶವನ್ನು ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ದರೋ, ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದರೋ? ಕೊಯ್ದ ಗಾಯ ಪಕ್ಕಕ್ಕೋ ಕೆಳಕ್ಕೋ ಹರಿದಿತ್ತೇ? ರಕ್ತಸ್ರಾವ ಎಷ್ಟಾಯಿತು? ಆಪರೇಷನ್ನಿಗೆ ಒಯ್ಯುವಾಗ ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿತ್ತು, ಒಯ್ದದ್ದು ಯಾವ ಕಾರಣಕ್ಕೆ? ಹೊಟ್ಟೆಯ ಮೇಲಿನ ಗುರುತು ಅಡ್ಡಗೆರೆಯಾಗಿದ್ದರೆ ಒಳಗಿನ ಕೊಯ್ತವೂ ಅಡ್ಡವೇ ಎಂದು ತಿಳಿಯಬೇಡಿ. ಚರ್ಮದ ಗೆರೆ ನೋಡಿ ಗರ್ಭಕೋಶದ ಗೆರೆ ಹೇಳಲು ಬರುವುದಿಲ್ಲ. ತಿಂಗಳು ತುಂಬುವ ಮೊದಲೇ ಮಗು ತೆಗೆದಿದ್ದರೆ, ಮಗು ಅಡ್ಡ ಮಲಗಿದ್ದರೆ ಇದನ್ನು ವಿಶೇಷವಾಗಿ ಖಚಿತಪಡಿಸಿಕೊಳ್ಳಬೇಕು.

ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಗುರುತಿನ ಚೀಟಿಯ ನಕಲು ಜೊತೆಗಿಟ್ಟರೆ ಪ್ರತಿ ಸಿಗುತ್ತದೆ. ಕೇಳಿದ ದಿನವೇ ಸಿಗುವುದು ಅಪರೂಪ, ಹಳೆಯ ಫೈಲು ಬೇರೆ ಗೋದಾಮಿನಲ್ಲಿದ್ದರೆ ವಾರಗಟ್ಟಲೆ ಹಿಡಿಯಬಹುದು. ಆದ್ದರಿಂದ ಎಂಟನೆಯ ತಿಂಗಳಲ್ಲಿ ಓಡಾಡುವುದಕ್ಕಿಂತ ಮೊದಲೇ ತರಿಸಿಕೊಳ್ಳುವುದು ಮೇಲು. ಅದೇ ಅರ್ಜಿಯಲ್ಲಿ ಮೊದಲ ಮಗುವಿನ ರಕ್ತದ ಗುಂಪು, ನಿಮ್ಮ ಗುಂಪು ನೆಗೆಟಿವ್ ಆಗಿದ್ದು ಹೆರಿಗೆಯ ನಂತರ ಆ್ಯಂಟಿ-ಡಿ ಚುಚ್ಚುಮದ್ದು ಕೊಟ್ಟಿದ್ದರೆ ಅದರ ದಾಖಲೆ ಎರಡನ್ನೂ ಕೇಳಿ.

ಅಂತರದ ವಿಷಯ. ಒಂದು ಹೆರಿಗೆಯಾಗಿ ಮತ್ತೆ ಗರ್ಭ ಧರಿಸುವುದಕ್ಕೆ ಕನಿಷ್ಠ 24 ತಿಂಗಳು ಬಿಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಿಸೇರಿಯನ್ ಆದವರಿಗೆ ಇದು ಇನ್ನೂ ಮುಖ್ಯ, ಯಾಕೆಂದರೆ ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷಕ್ಕಿಂತ ಕಡಿಮೆ ಅಂತರವಿದ್ದಾಗ ನೋವಿನ ಹೊತ್ತಿನಲ್ಲಿ ಹಳೇ ಹೊಲಿಗೆ ಬಿಡುವ ಅಪಾಯ ಹೆಚ್ಚುತ್ತದೆ. ಅಷ್ಟರೊಳಗೇ ಗರ್ಭ ನಿಂತಿದ್ದರೆ ಹೆದರಿ ಕೂರಬೇಕಿಲ್ಲ, ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ. ಫೋಲಿಕ್ ಆ್ಯಸಿಡ್ ದಿನಕ್ಕೆ 400 ಮೈಕ್ರೋಗ್ರಾಂನಂತೆ ಗರ್ಭ ನಿಲ್ಲುವ ಮೊದಲೇ ಶುರುವಾಗಿರಬೇಕು. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ಕಟ್ಟಿದ ನಾಲ್ಕೇ ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುಟ್ಟು ತಪ್ಪಿ, ಟೆಸ್ಟ್ ಮಾಡಿ, ಅಪಾಯಿಂಟ್‌ಮೆಂಟ್ ಸಿಗುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಸಕ್ಕರೆ ಕಾಯಿಲೆ ಇರುವವರು, ಮೂರ್ಛೆರೋಗದ ಮಾತ್ರೆ ತೆಗೆದುಕೊಳ್ಳುವವರು, ಮೊದಲ ಮಗುವಿಗೆ ಬೆನ್ನುಹುರಿಯ ದೋಷ ಇದ್ದವರು ಇದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ ತೆಗೆದುಕೊಳ್ಳಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆದುಕೊಡಬೇಕು.

ಮೊದಲ ಸಲ ಎಷ್ಟೋ ಮಂದಿ ಮೂರು ತಿಂಗಳು ತುಂಬುವವರೆಗೂ ಸ್ಕ್ಯಾನ್ ಮಾಡಿಸಿರುವುದಿಲ್ಲ. ಸಿಸೇರಿಯನ್ ಆದವರು ಹಾಗೆ ಕಾಯಬಾರದು, 6ರಿಂದ 8 ವಾರದೊಳಗೆ ಒಂದು ಸ್ಕ್ಯಾನ್ ಬೇಕು. ಅಪರೂಪಕ್ಕೆ ಗರ್ಭಚೀಲ ಹಳೇ ಹೊಲಿಗೆಯ ಗುರುತಿನಲ್ಲೇ ಬೇರೂರಿಬಿಡುತ್ತದೆ. ಬೇಗ ಕಂಡರೆ ಚಿಕಿತ್ಸೆ ಸುಲಭ, ತಡವಾದರೆ ತಾಯಿಯ ಜೀವಕ್ಕೇ ಸಂಚಕಾರ. ಸ್ಕ್ಯಾನಿನ ಚೀಟಿಯಲ್ಲಿ "ಹಿಂದೆ ಸಿಸೇರಿಯನ್ ಆಗಿದೆ" ಎಂದು ಬರೆದಿದೆಯೇ ನೋಡಿ, ಇಲ್ಲದಿದ್ದರೆ ಸ್ಕ್ಯಾನ್ ಮಾಡುವವರಿಗೆ ಬಾಯಲ್ಲೇ ಹೇಳಿ. ಇಷ್ಟು ಬೇಗ ಮಾಡುವ ಸ್ಕ್ಯಾನ್ ಸಾಮಾನ್ಯವಾಗಿ ಯೋನಿಯ ಮೂಲಕ ನಡೆಯುತ್ತದೆ. ಅದಕ್ಕೆ ಮೂತ್ರ ಮಾಡಿ ಬಂದಿರಬೇಕು, ಹೊಟ್ಟೆಯ ಮೇಲಿಂದ ನೋಡುವುದಾದರೆ ಮೂತ್ರಕೋಶ ತುಂಬಿರಬೇಕು. ಯಾವುದು ಎಂದು ಮೊದಲೇ ಕೇಳಿಕೊಂಡರೆ ಲೀಟರುಗಟ್ಟಲೆ ನೀರು ಕುಡಿದು ಸಾಲಿನಲ್ಲಿ ಒದ್ದಾಡುವುದು ತಪ್ಪುತ್ತದೆ.

ದಿನ ತುಂಬುವ ತಾರೀಖು ಸರಿಯಾಗಿ ಸಿಗುವುದೂ ಮೊದಲ ಮೂರು ತಿಂಗಳ ಸ್ಕ್ಯಾನಿನಿಂದಲೇ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಸೇರಿಸುವ ಲೆಕ್ಕ 28 ದಿನದ ಚಕ್ರ ಇರುವವರಿಗೆ ಸರಿ. ಮೊದಲ ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದು ಮುಟ್ಟು ಹದಕ್ಕೆ ಬಂದಿಲ್ಲದಿದ್ದರೆ ಅದು ಕೈಕೊಡುತ್ತದೆ. ಈ ಹಂತದಲ್ಲಿ ಭ್ರೂಣದ ಉದ್ದ ಅಳೆದು ಹೇಳುವ ತಾರೀಖು ತಪ್ಪಿದರೂ ವಾರದೊಳಗಿನ ವ್ಯತ್ಯಾಸ. ಒಮ್ಮೆ ಹೀಗೆ ನಿಗದಿಯಾದ ತಾರೀಖನ್ನು ಮುಂದಿನ ಸ್ಕ್ಯಾನುಗಳು ಬದಲಿಸುವುದಿಲ್ಲ. ಏಳನೆಯ ತಿಂಗಳಲ್ಲಿ ಯಂತ್ರ ಬೇರೆ ತಾರೀಖು ತೋರಿಸಿದರೆ ಅದರ ಅರ್ಥ ಮಗು ಸರಾಸರಿಗಿಂತ ದೊಡ್ಡದೋ ಚಿಕ್ಕದೋ ಇದೆ ಎಂದಷ್ಟೇ.

ರಕ್ತಪರೀಕ್ಷೆಯ ಪಟ್ಟಿ ಹಿಂದಿನದೇ: ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಹೆಪಟೈಟಿಸ್-ಬಿ, ಸಿಫಿಲಿಸ್, ಜೊತೆಗೆ ಮೂತ್ರ. "ಹೋದ ಸಲ ಮಾಡಿಸಿದ್ದೆವಲ್ಲ" ಎಂದು ಬಿಡುವಂತಿಲ್ಲ, ಗುಂಪೊಂದನ್ನು ಬಿಟ್ಟು ಉಳಿದದ್ದೆಲ್ಲ ಬದಲಾಗುವಂಥದ್ದು. ಗುಂಪು ನೆಗೆಟಿವ್ ಇದ್ದರಂತೂ ಎರಡನೆಯ ಬಸಿರೇ ನಿಜವಾದ ಪರೀಕ್ಷೆ. ಮೊದಲ ಮಗು ಪಾಸಿಟಿವ್ ಆಗಿದ್ದು, ಹೆರಿಗೆಯಾಗಿ 72 ಗಂಟೆಯೊಳಗೆ ಆ್ಯಂಟಿ-ಡಿ ಸಿಕ್ಕಿರದಿದ್ದರೆ ತಾಯಿಯ ರಕ್ತದಲ್ಲಿ ಪ್ರತಿಕಾಯ ಹುಟ್ಟಿಕೊಂಡಿರಬಹುದು. ಅದು ಈ ಸಲದ ಮಗುವಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಇದನ್ನು ತಿಳಿಯುವುದು ಇನ್‌ಡೈರೆಕ್ಟ್ ಕೂಂಬ್ಸ್ ಪರೀಕ್ಷೆಯಿಂದ. ಅದು ನೆಗೆಟಿವ್ ಬಂದರೆ 28ನೇ ವಾರಕ್ಕೆ ಆ್ಯಂಟಿ-ಡಿ. ನಡುವೆ ರಕ್ತ ಕಂಡರೆ, ಹೊಟ್ಟೆಗೆ ಪೆಟ್ಟು ಬಿದ್ದರೆ 28 ವಾರಕ್ಕೆ ಕಾಯದೆ ಅಂದೇ ಹೋಗಬೇಕು. ಚುಚ್ಚುಮದ್ದು ದುಬಾರಿ, ಎಲ್ಲ ಅಂಗಡಿಗಳಲ್ಲೂ ಇಟ್ಟಿರುವುದಿಲ್ಲ, ತಣ್ಣಗಿಟ್ಟೇ ತರಬೇಕು.

ಕಬ್ಬಿಣದ ಮಾತ್ರೆ ಕೊಳ್ಳುವಾಗ ಚೀಟಿ ಓದಿ. ಡಬ್ಬಿಯ ಮೇಲಿನ ದೊಡ್ಡ ಅಂಕಿ ಕೆಲವೊಮ್ಮೆ ಲವಣದ ತೂಕ. ಫೆರಸ್ ಫ್ಯೂಮರೇಟ್ 200 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿರುವ ಕಬ್ಬಿಣ ಸುಮಾರು 65 ಮಿಲಿಗ್ರಾಂ ಮಾತ್ರ. ದಿನಕ್ಕೆ ಬೇಕೆನ್ನುವುದು 30ರಿಂದ 60 ಮಿಲಿಗ್ರಾಂ ಕಬ್ಬಿಣ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ಹೆಚ್ಚು. ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಕಾಫಿ, ಟೀಗೂ ಇದೇ ಮಾತು. ಮಲ ಕಪ್ಪಾದರೆ ಗಾಬರಿ ಬೇಡ. ಹೊಟ್ಟೆ ಕಟ್ಟಿ ಸಾಕಾದರೆ ಮಾತ್ರೆಯನ್ನೇ ನಿಲ್ಲಿಸದೆ ಬೇರೆ ಲವಣದ ಮಾತ್ರೆ ಬರೆದುಕೊಡಿ ಎಂದು ಕೇಳಿ.

11 ವಾರದಿಂದ 13 ವಾರ 6 ದಿನದೊಳಗೆ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್ ರಕ್ತಪರೀಕ್ಷೆ, ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ವರ್ಣತಂತು ದೋಷ ಇರುವ ಸಾಧ್ಯತೆ ಎಷ್ಟೆಂದು ಅಂದಾಜಿಸಲು. ಈ ಕಿಟಕಿ ದಾಟಿದರೆ ಮತ್ತೆ ತೆರೆಯುವುದಿಲ್ಲ. ಮಗುವಿನ ಕತ್ತಿನ ಹಿಂದಿನ ನೀರಿನ ಪದರವನ್ನು ಅಳೆಯಲು ಅದು ಪಕ್ಕದ ನೋಟದಲ್ಲಿ, ಕತ್ತು ಬಗ್ಗಿಸದೆ ಎತ್ತದೆ ಮಲಗಿರಬೇಕು. ಹಾಗೆ ಮಲಗದಿದ್ದರೆ "ಸ್ವಲ್ಪ ಓಡಾಡ್ಕೊಂಡ್ ಬನ್ನಿ" ಎಂದು ಎಬ್ಬಿಸಿ ಕಳಿಸುತ್ತಾರೆ. ಹೊರಗೆ ಕೂತವರಿಗೆ ಏನೋ ಆಗಿದೆ ಎನ್ನಿಸುತ್ತದೆ, ಆಗಿರುವುದಿಲ್ಲ. ಅರ್ಧ ದಿನ ಬಿಡುವು ಇಟ್ಟುಕೊಂಡು, ದೊಡ್ಡ ಮಗುವನ್ನು ಯಾರ ಬಳಿಯಾದರೂ ಬಿಟ್ಟು ಹೋಗಿ. ಡಬಲ್ ಮಾರ್ಕರ್ ಅರ್ಜಿಯಲ್ಲಿ ಅಂದಿನ ತೂಕ, ಹುಟ್ಟಿದ ದಿನ, ಸ್ಕ್ಯಾನಿನ ಅಳತೆ, ಸಕ್ಕರೆ ಕಾಯಿಲೆ ಇದೆಯೇ, ಗರ್ಭ ಐವಿಎಫ್‌ನಿಂದ ನಿಂತದ್ದೇ ಎಂಬುದನ್ನೆಲ್ಲ ತುಂಬುತ್ತಾರೆ. ಇವುಗಳಲ್ಲಿ ಒಂದು ತಪ್ಪಾದರೂ ಫಲಿತಾಂಶ ತಲೆಕೆಳಗಾಗುತ್ತದೆ, ಆದ್ದರಿಂದ ಸಹಿ ಹಾಕುವ ಮೊದಲು ನೀವೇ ಓದಿ.

ಫಲಿತಾಂಶಕ್ಕಾಗಿ ಕಾಯುವ ದಿನಗಳು ಬಹಳ ಕಷ್ಟದವು, ಆಗ ಈ ಒಂದು ಮಾತು ನೆನಪಿರಲಿ: ಇದು ಶೋಧನೆ, ರೋಗನಿರ್ಣಯ ಅಲ್ಲ. ಆರೋಗ್ಯವಂತ ಮಗು ಇರುವ 20 ತಾಯಂದಿರಲ್ಲಿ ಸುಮಾರು ಒಬ್ಬರಿಗೆ "ಹೆಚ್ಚಿನ ಅಪಾಯ" ಎಂದು ಬರುತ್ತದೆ. ವರದಿಯಲ್ಲಿ 200ಕ್ಕೆ 1 ಎಂದಿದ್ದರೆ 200ರಲ್ಲಿ 199 ಮಕ್ಕಳು ಸರಿ ಇರುತ್ತವೆ ಎಂದರ್ಥ. ಮುಂದಿನ ಹೆಜ್ಜೆ ತಾಯಿಯ ರಕ್ತದಲ್ಲೇ ನೋಡುವ ಎನ್‌ಐಪಿಟಿ, ಅದು 10 ವಾರದ ನಂತರ ಯಾವಾಗ ಬೇಕಾದರೂ ಆಗುತ್ತದೆ. ಅದೂ ಶೋಧನೆಯೇ, ಬೆಲೆಯೂ ಹೆಚ್ಚು. ಖಚಿತ ಉತ್ತರ ಬೇಕೆಂದರೆ 15 ವಾರದ ನಂತರ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು.

ಮೊದಲ ಬಸಿರಿನಲ್ಲಿ ಬಿಪಿ ಏರಿ ನಂಜು (ಪ್ರಿಎಕ್ಲಾಂಪ್ಸಿಯಾ) ಕಾಣಿಸಿಕೊಂಡಿದ್ದರೆ, ಅದು ಮರುಕಳಿಸದಂತೆ ಕೊಡುವ ಆಸ್ಪಿರಿನ್ ಬಗ್ಗೆ ಇದೇ ಹೊತ್ತಿನಲ್ಲಿ ಕೇಳಿ. ದಿನಕ್ಕೆ 75ರಿಂದ 150 ಮಿಲಿಗ್ರಾಂ, 12ನೇ ವಾರದಿಂದ. 16 ವಾರ ದಾಟಿದ ಮೇಲೆ ಶುರುಮಾಡಿದರೆ ಪ್ರಯೋಜನ ಕಡಿಮೆ. ಡಾಕ್ಟರಿಗೆ ನಿಮ್ಮ ಹಿಂದಿನ ಬಿಪಿ ಗೊತ್ತಿಲ್ಲದಿದ್ದರೆ ಅವರಾಗಿ ಬರೆಯುವುದಿಲ್ಲ.

ದೊಡ್ಡ ಮಗುವಿನ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಬಸುರಿಯಿದ್ದಾಗ ಹಾಲೂಡಿಸುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಎತ್ತಿಕೊಳ್ಳುವುದರಿಂದಲೂ ಗರ್ಭ ಇಳಿಯುವುದಿಲ್ಲ. ಮೊಣಕಾಲು ಬಗ್ಗಿಸಿ ಎತ್ತಿ, ಬೆನ್ನು ಉಳಿಯುತ್ತದೆ. ಎಚ್ಚರ ಬೇಕಾದದ್ದು ಎಂಜಲಿನ ವಿಷಯದಲ್ಲಿ. ಪುಟ್ಟ ಮಕ್ಕಳ ಜೊಲ್ಲು ಮತ್ತು ಮೂತ್ರದಲ್ಲಿ ಸೈಟೊಮೆಗಲೊ ವೈರಸ್ ಇರಬಹುದು. ಮಗುವಿಗೆ ಅದು ನೆಗಡಿಯಷ್ಟೂ ಕಾಣುವುದಿಲ್ಲ, ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ, ಮಿದುಳಿಗೆ ಹಾನಿ ಮಾಡಬಲ್ಲದು. ಮಗು ತಿಂದು ಬಿಟ್ಟದ್ದನ್ನು ತಿನ್ನಬೇಡಿ, ಅದರ ಚಮಚ ಬಾಯಿಗಿಡಬೇಡಿ, ತುಟಿಗೆ ಬದಲು ಹಣೆಗೆ ಮುತ್ತು ಕೊಡಿ, ಡೈಪರ್ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

18ರಿಂದ 22 ವಾರದ ನಡುವಿನ ದೊಡ್ಡ ಸ್ಕ್ಯಾನಿನಲ್ಲಿ ಎಲ್ಲರೂ ಕಾಯುವುದು ಮಗುವಿನ ಹೃದಯ, ಮಿದುಳು, ಬೆನ್ನುಹುರಿ, ಮೂತ್ರಪಿಂಡದ ಮಾತಿಗೆ. ನಮ್ಮಂಥವರು ಅದರ ಜೊತೆಗೆ ಮಾಸಿನ ಸಾಲನ್ನೂ ಓದಬೇಕು, ವರದಿಯಲ್ಲಿ ಪ್ಲಸೆಂಟಾ ಎಂದಿರುತ್ತದೆ. ಅದು ಮುಂದಿನ ಗೋಡೆಯಲ್ಲಿದೆಯೋ ಹಿಂದಿನದರಲ್ಲೋ, ಗರ್ಭಕೋಶದ ಒಳಬಾಯಿಯಿಂದ ಎಷ್ಟು ದೂರದಲ್ಲಿದೆ ಎಂದು ನೋಡಿ. 20 ಮಿಲಿಮೀಟರಿಗಿಂತ ಹತ್ತಿರವಿದ್ದರೆ "ಕೆಳಗಿದೆ" ಎನ್ನುತ್ತಾರೆ. ಗರ್ಭಕೋಶ ಬೆಳೆದಂತೆ ಹೆಚ್ಚಿನವರಲ್ಲಿ ಅದು ಮೇಲೆ ಸರಿಯುತ್ತದೆ, 32 ವಾರಕ್ಕೆ ಮತ್ತೆ ನೋಡುತ್ತಾರೆ. ಹೊಲಿಗೆ ಇರುವವರಲ್ಲಿ ಮಾತ್ರ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಮಾಸು ಮುಂದಿನ ಗೋಡೆಯಲ್ಲಿ ಹಳೇ ಕೊಯ್ತದ ಮೇಲೆಯೇ ಕೂತು ಮಾಂಸದೊಳಕ್ಕೆ ಇಳಿದಿದೆಯೇ? ಒಂದು ಸಿಸೇರಿಯನ್ ಆಗಿದ್ದು, ಮಾಸು ಬಾಯಿಯನ್ನೇ ಮುಚ್ಚಿಕೊಂಡಿರುವವರಲ್ಲಿ ಹೀಗೆ ಬೇರೂರುವ ಸಾಧ್ಯತೆ 100ಕ್ಕೆ ಸುಮಾರು 11. ಹೆರಿಗೆಯಾದ ಮೇಲೆ ಆ ಮಾಸು ಬಿಡಿಸಿಕೊಳ್ಳುವುದಿಲ್ಲ, ರಕ್ತ ಧಾರೆಯಾಗಿ ಹೋಗುತ್ತದೆ. ಮೊದಲೇ ಗೊತ್ತಿದ್ದರೆ ರಕ್ತನಿಧಿ, ಅರಿವಳಿಕೆ ತಂಡ, ಮೂತ್ರಕೋಶದ ತಜ್ಞರು ಎಲ್ಲ ಸಜ್ಜಾಗಿರುವ ದೊಡ್ಡ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಬಹುದು. ಆದ್ದರಿಂದ ವರದಿಯಲ್ಲಿ ಮಾಸು ಕೆಳಗಿದೆ, ಮುಂದಿದೆ ಎರಡೂ ಇದ್ದರೆ "ಹೊಲಿಗೆಯ ಜಾಗ ನೋಡಿದ್ರಾ?" ಎಂದು ನೇರವಾಗಿ ಕೇಳಿ. ಕೇಳಲು ಸಂಕೋಚ ಬೇಡ.

24ರಿಂದ 28 ವಾರದೊಳಗೆ ಗ್ಲೂಕೋಸ್ ಪರೀಕ್ಷೆ. ಮೊದಲ ಸಲ ಸಕ್ಕರೆ ಏರಿದ್ದವರು ಮೊದಲ ಭೇಟಿಯಲ್ಲೊಮ್ಮೆ, ಈಗೊಮ್ಮೆ ಮಾಡಿಸಬೇಕು. ರಾತ್ರಿಯಿಂದ ಕನಿಷ್ಠ 8 ಗಂಟೆ ಬರಿಹೊಟ್ಟೆ, ನೀರು ಕುಡಿಯಬಹುದು. ಬೆಳಿಗ್ಗೆ ಒಂದು ರಕ್ತ ತೆಗೆದು, 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕಲಸಿ ಕೊಡುತ್ತಾರೆ. ತಳದಲ್ಲಿ ಕರಗದೆ ಉಳಿದದ್ದನ್ನೂ ಕಲಕಿ ಕುಡಿಯಬೇಕು. ಐದು ನಿಮಿಷದೊಳಗೆ ಮುಗಿಸಬೇಕು, ಆದರೆ ಗಟಗಟನೆ ಒಂದೇ ಗುಟುಕಿಗೆ ಇಳಿಸಿದರೆ ವಾಂತಿಯಾಗುತ್ತದೆ. ವಾಂತಿಯಾದರೆ ಅಂದಿನ ಪರೀಕ್ಷೆ ರದ್ದು, ಇನ್ನೊಂದು ದಿನ ಮೊದಲಿಂದ. ತಣ್ಣಗಿನ ನೀರಿನಲ್ಲಿ ಕಲಸಿಕೊಡಿ ಎಂದು ಕೇಳಿದರೆ ಕುಡಿಯಲು ಸುಲಭ. ಗಂಟೆಗೊಮ್ಮೆಯಂತೆ ಇನ್ನೆರಡು ಸಲ ರಕ್ತ ತೆಗೆಯುತ್ತಾರೆ, ಅಲ್ಲಿಯವರೆಗೆ ತಿನ್ನುವಂತಿಲ್ಲ, ಓಡಾಡುವಂತಿಲ್ಲ, ಯಾಕೆಂದರೆ ನಡೆದರೆ ಸಕ್ಕರೆ ಖರ್ಚಾಗಿ ಅಂಕಿ ಇಳಿಯುತ್ತದೆ. ಬರಿಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153. ಮೂರರಲ್ಲಿ ಒಂದು ಈ ಮಟ್ಟ ಮುಟ್ಟಿದರೂ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಎಂದೇ ಲೆಕ್ಕ. ಲ್ಯಾಬು ತೆರೆಯುವ ಹೊತ್ತಿಗೇ ಹೋಗಿ, ಬರುವಾಗ ತಿನ್ನಲು ಏನಾದರೂ ಚೀಲದಲ್ಲಿರಲಿ.

ಈ ಸಲ ಮಗುವಿನ ಅಲುಗಾಟ 16 ವಾರಕ್ಕೇ ಗೊತ್ತಾಗಬಹುದು, ಮಾಸು ಮುಂದಿದ್ದರೆ ತಡ. 28 ವಾರದ ನಂತರ ಅದಕ್ಕೊಂದು ಲಯ ಬರುತ್ತದೆ, ಆ ಲಯ ತಪ್ಪಿದರೆ ಎಡಕ್ಕೆ ಮಗ್ಗುಲಾಗಿ ಮಲಗಿ ಗಮನವಿಟ್ಟು ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ದೊಡ್ಡ ಮಗುವಿನ ಹಿಂದೆ ಓಡುವ ದಿನಗಳಲ್ಲಿ ಅಲುಗಾಟ ಗಮನಕ್ಕೇ ಬರುವುದಿಲ್ಲ, ಹಾಗಾಗಿ ದಿನಕ್ಕೊಂದು ಹೊತ್ತು ಇದಕ್ಕೆಂದೇ ಇಟ್ಟುಕೊಳ್ಳಿ. ಬಿಪಿ 140/90 ದಾಟಿದರೆ, ಬಿಡದ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು, ಮುಖದಲ್ಲಿ ಬಾವು ಕಂಡರೆ ಅಂದೇ ಆಸ್ಪತ್ರೆಗೆ. ನಾಯಿಕೆಮ್ಮಿನ ಅಂಶವಿರುವ ಟಿಡ್ಯಾಪ್ ಲಸಿಕೆ 27ರಿಂದ 36 ವಾರದೊಳಗೆ, ಹೋದ ಸಲ ಹಾಕಿಸಿದ್ದರೂ ಮತ್ತೆ. ತಾಯಿಯಿಂದ ಮಗುವಿಗೆ ದಾಟುವ ರಕ್ಷಣೆ ಆ ಬಸಿರಿಗೆ ಮಾತ್ರ.

ಇನ್ನು ದೊಡ್ಡ ತೀರ್ಮಾನ: ಸಹಜ ಹೆರಿಗೆಗೆ ಪ್ರಯತ್ನಿಸುವುದೋ, ಮತ್ತೆ ಸಿಸೇರಿಯನ್ನೋ. 36 ವಾರದೊಳಗೆ ಇದು ಮಾತಾಗಿ ಫೈಲಿನಲ್ಲಿ ಬರೆದಾಗಿರಬೇಕು. ಕೆಳಭಾಗದ ಅಡ್ಡ ಕೊಯ್ತ ಒಂದೇ ಇರುವವರು ಪ್ರಯತ್ನಿಸಿದರೆ ನಾಲ್ವರಲ್ಲಿ ಸುಮಾರು ಮೂವರಿಗೆ ಸಹಜ ಹೆರಿಗೆಯಾಗುತ್ತದೆ. ಹೊಲಿಗೆ ಬಿಡುವ ಅಪಾಯ 200ಕ್ಕೆ 1ರಷ್ಟು. ಮೊದಲ ಸಲ ಮಗು ಉಲ್ಟಾ ಇದ್ದದ್ದೇ ಕಾರಣವಾಗಿದ್ದರೆ, ಆ ಕಾರಣ ಈ ಸಲ ಇಲ್ಲದಿದ್ದರೆ ಸಾಧ್ಯತೆ ಇನ್ನೂ ಒಳ್ಳೆಯದು. ಬಾಯಿ ಪೂರ್ತಿ ತೆರೆಯದೆ ನಿಂತುಹೋಗಿದ್ದರೆ ಸ್ವಲ್ಪ ಕಡಿಮೆ. ಮೇಲ್ಭಾಗದ ಉದ್ದ ಕೊಯ್ತ ಇದ್ದವರು ನೋವಿಗೆ ಕಾಯುವಂತೆಯೇ ಇಲ್ಲ. ಮತ್ತೆ ಸಿಸೇರಿಯನ್ ಎಂದಾದರೆ, ಬೇರೆ ತೊಂದರೆ ಇಲ್ಲದಿದ್ದಲ್ಲಿ 39 ವಾರ ತುಂಬಿದ ಮೇಲೆಯೇ. ಅದಕ್ಕೂ ಮೊದಲು ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಒಳ್ಳೆಯ ದಿನ ನೋಡಿ 37ಕ್ಕೆ ಹಿಂದೂಡುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಯತ್ನಿಸುವುದಾದರೆ ಆಸ್ಪತ್ರೆಯನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ. ರಾತ್ರಿ ಎರಡು ಗಂಟೆಗೂ ಅರಿವಳಿಕೆ ತಜ್ಞರು ಕಟ್ಟಡದಲ್ಲೇ ಇರುತ್ತಾರೆಯೇ, ಫೋನ್ ಮಾಡಿ ಕರೆಸಬೇಕೇ? ರಕ್ತ ಒಳಗೇ ಸಿಗುತ್ತದೆಯೇ? ದಿನ ಮೀರಿದರೆ ಏನು ಮಾಡುತ್ತೀರಿ? ನೋವು ಬರಿಸಲು ಮಿಸೊಪ್ರೊಸ್ಟಾಲ್ ಮಾತ್ರೆ ಹೊಲಿಗೆ ಇರುವವರಿಗೆ ಕೊಡಬಾರದು, ಬೇರೆ ವಿಧಾನಗಳಿಂದ ಬರಿಸಿದರೂ ಅಪಾಯ ಎರಡು ಮೂರು ಪಟ್ಟು ಹೆಚ್ಚುತ್ತದೆ. ಖರ್ಚಿನ ಅಂದಾಜನ್ನು ಎರಡು ಬಗೆಯಲ್ಲಿ ಬರೆಸಿಕೊಳ್ಳಿ: ಸಹಜ ಹೆರಿಗೆಗೆ ಎಷ್ಟು, ನೋವಿನ ನಡುವೆ ತುರ್ತು ಆಪರೇಷನ್ ಆದರೆ ಎಷ್ಟು. ನಾಲ್ವರಲ್ಲಿ ಒಬ್ಬರು ಎರಡನೆಯದಕ್ಕೆ ಬರುತ್ತಾರೆ. ಮಗುವನ್ನು ನವಜಾತ ಐಸಿಯುವಿನಲ್ಲಿ ಇಡಬೇಕಾಗಿ ಬಂದರೆ ಅದರ ಬಿಲ್ ಬೇರೆ ಇರುತ್ತದೆ. ವಿಮೆ ಇದ್ದರೆ ಹೆರಿಗೆಗೆ ಮಿತಿ ಎಷ್ಟು, ಮಗುವಿನ ಖರ್ಚೂ ಅದರಲ್ಲೇ ಸೇರುತ್ತದೆಯೇ ಎಂದು ಓದಿಕೊಳ್ಳಿ.

"ಎರಡನೇದು ಬೇಗ ಆಗುತ್ತೆ" ಎಂಬ ಮಾತನ್ನು ನಂಬುವ ಮೊದಲು ಹಳೇ ನೋಟ್ಸಿನಲ್ಲಿ ಸೆಂಟಿಮೀಟರಿನ ಅಂಕಿ ನೋಡಿ. ನೋವೇ ಬರದೆ ಸಿಸೇರಿಯನ್ ಆಗಿದ್ದರೆ ಗರ್ಭಕೋಶದ ಬಾಯಿಗೆ ಇದು ಚೊಚ್ಚಲ ಹೆರಿಗೆಯೇ, ಹೊತ್ತೂ ಅಷ್ಟೇ ಹಿಡಿಯಬಹುದು. ಹಾಗೆಂದು ಮನೆಯಲ್ಲಿ ಕಾಯುವಂತಿಲ್ಲ. ಹೊಲಿಗೆ ಇರುವವರು ನೋವು ಲಯಕ್ಕೆ ಬಂದ ಕೂಡಲೇ, ನೀರು ಹೋದರೆ ನೋವಿಲ್ಲದಿದ್ದರೂ ಹೊರಡಬೇಕು. ದೊಡ್ಡ ಮಗುವನ್ನು ರಾತ್ರಿ ಹೊತ್ತಿನಲ್ಲಿ ನೋಡಿಕೊಳ್ಳಲು ಇಬ್ಬರನ್ನಾದರೂ ಮೊದಲೇ ಗೊತ್ತುಮಾಡಿಡಿ, ಒಬ್ಬರು ಫೋನ್ ಎತ್ತದಿದ್ದರೆ ಇನ್ನೊಬ್ಬರಿರಲಿ.

ಹೆರಿಗೆ ಕೋಣೆಯಲ್ಲಿ ಕೈಗೆ ಸೂಜಿ ಹಾಕಿ, ರಕ್ತ ಹೊಂದಿಸಲು ಮಾದರಿ ಕಳಿಸಿ, ಹೊಟ್ಟೆಗೆ ಎರಡು ಪಟ್ಟಿ ಕಟ್ಟುತ್ತಾರೆ. ಮೇಲಿನದು ನೋವನ್ನು, ಕೆಳಗಿನದು ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ಬರೆಯುತ್ತಾ ಹೋಗುತ್ತವೆ. ಹೊಲಿಗೆ ಬಿಡುವ ಮೊದಲ ಸೂಚನೆ ಬಹುಪಾಲು ಸಲ ಆ ಎದೆಬಡಿತದ ಗೆರೆಯಲ್ಲೇ ಕಾಣುವುದರಿಂದ ಪಟ್ಟಿ ಬಿಚ್ಚುವುದಿಲ್ಲ. ಹಾಸಿಗೆಗೆ ಅಂಟಿಕೊಂಡೇ ಇರಬೇಕಿಲ್ಲ, ತಂತಿ ಸಾಗುವಷ್ಟು ದೂರ ನಿಲ್ಲಬಹುದು, ಕುರ್ಚಿಯಲ್ಲಿ ಕೂರಬಹುದು. ನೋವು ತಗ್ಗಿಸಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಬೇಕೆಂದರೆ ಹೊಲಿಗೆ ಅದಕ್ಕೆ ಅಡ್ಡಿಯಲ್ಲ. ಎರಡು ನೋವುಗಳ ನಡುವೆಯೂ ನಿಲ್ಲದ ನೋವು, ಹೊಲಿಗೆಯ ಜಾಗದಲ್ಲಿ ಹರಿದಂತೆ ಅನ್ನಿಸುವುದು, ರಕ್ತ, ಬರುತ್ತಿದ್ದ ನೋವು ಇದ್ದಕ್ಕಿದ್ದಂತೆ ನಿಂತುಹೋಗುವುದು, ಇವುಗಳಲ್ಲಿ ಯಾವುದು ಕಂಡರೂ ಪಕ್ಕದಲ್ಲಿರುವ ಸಿಸ್ಟರಿಗೆ ಆ ಕ್ಷಣವೇ ಹೇಳಿ. ನಡುವೆ ಮನಸ್ಸು ಬದಲಾಗಿ ಆಪರೇಷನ್ನೇ ಬೇಕು ಅನ್ನಿಸಿದರೆ ಅದನ್ನು ಹೇಳುವ ಹಕ್ಕೂ ನಿಮ್ಮದೇ.

ಹೆರಿಗೆಯಾದ ಮೇಲೆ ಮಗು ಹಾಲು ಕುಡಿಯುವಾಗಲೆಲ್ಲ ಗರ್ಭಕೋಶ ಹಿಂಡುವ ನೋವು ಮೊದಲ ಸಲಕ್ಕಿಂತ ಈ ಸಲ ಜೋರಾಗಿರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ, ನೋವಿನ ಮಾತ್ರೆ ಕೇಳಿ ಪಡೆಯಿರಿ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುವಷ್ಟು ರಕ್ತ ಹೋದರೆ, ಜ್ವರ ಬಂದರೆ ಕೂಡಲೇ ತಿಳಿಸಿ. ನೆಗೆಟಿವ್ ಗುಂಪಿನವರು ಮಗುವಿನ ಗುಂಪಿನ ವರದಿ ಬಂತೇ ಎಂದು ಮೊದಲ ದಿನವೇ ವಿಚಾರಿಸಿ, 72 ಗಂಟೆಯ ಗಡುವು ಹೆರಿಗೆಯಾದ ಹೊತ್ತಿನಿಂದಲೇ ಓಡಲು ಶುರುವಾಗಿರುತ್ತದೆ. ಬಸಿರಿನಲ್ಲಿ ಸಕ್ಕರೆ ಏರಿದ್ದವರು 6ರಿಂದ 12 ವಾರದೊಳಗೆ ಅದೇ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಬೇಕು. ಮಗುವಿನ ಲಸಿಕೆಗೆ ಹೋಗುವ ದಿನಕ್ಕೇ ಅದನ್ನೂ ಹೊಂದಿಸಿಕೊಂಡರೆ ಮರೆತುಹೋಗುವುದಿಲ್ಲ.